ಲಂಡನ್ ಸಿಟಿಯ ಹಳೇ ಪಾಲಿಕೆ: ಬ್ಯಾಂಕ್‌ಗಳ ನಡುವೆ ಅದಕ್ಕೇನು ಕೆಲಸ?

ಪ್ರಶ್ನೆ: ನನ್ನ ಮಗಳು ಲಂಡನ್‌ನ ‘ಸಿಟಿ’ ಅನ್ನುವ ಭಾಗದಲ್ಲಿ ಬ್ಯಾಂಕ್ ಉದ್ಯೋಗಿ. ಅಲ್ಲಿನ ಕಾರ್ಪೊರೇಷನ್ ಚುನಾವಣೆಗೆ ಮತದಾರಳಾಗಿ ಅವಳ ಹೆಸರನ್ನು ಆಫೀಸಿನವರೇ ಕೊಡುತ್ತಾರಂತೆ. ಅವಳ ಮನೆ ಇರುವುದು ಬೇರೆ ಕಡೆ. ಕಂಪನಿ ಹೆಸರು ಕೊಟ್ಟರೆ ವೋಟು ಸಿಗುತ್ತದೆಯೇ? ಈ ಕಾರ್ಪೊರೇಷನ್ ನಮ್ಮ ಮಹಾನಗರ ಪಾಲಿಕೆಯ ಥರಾನಾ, ಇಲ್ಲಾ ಬ್ಯಾಂಕ್‌ಗಳನ್ನೂ ಅದೇ ನೋಡಿಕೊಳ್ಳುತ್ತದೆಯೇ? ರಾಜ ಕೂಡ ಅದರ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಇಷ್ಟು ಹಳೆಯ ಸಂಸ್ಥೆಯನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ?

ಉತ್ತರ: ನಿಮ್ಮ ಮಗಳ ಆಫೀಸಿನವರು ಹೇಳಿದ್ದು ನಿಜ. ಬ್ರಿಟನ್‌ನಲ್ಲಿ ಈ ಪದ್ಧತಿ ಈಗ ಉಳಿದಿರುವುದು ಇದೊಂದೇ ಪಾಲಿಕೆಯಲ್ಲಿ. ಅದು ಹೇಗೆ ಎಂದು ಹೇಳುವ ಮೊದಲು ಜಾಗದ ಪರಿಚಯ ಆಗಬೇಕು. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ನಾವು ಲಂಡನ್ ಅನ್ನುವ ಮಹಾನಗರದಲ್ಲಿ 32 ಬರೋಗಳಿವೆ. ಒಂದೊಂದೂ ಒಂದೊಂದು ಸ್ಥಳೀಯ ಸಂಸ್ಥೆ. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣ ಆಯಿತಲ್ಲ, ಅದು ಇರುವುದು ಲ್ಯಾಂಬೆತ್ ಎಂಬ ಬರೋದಲ್ಲಿ. ಕಲಬುರಗಿಯ ನೀರಜ್ ಪಾಟೀಲ್ ಅವರು ಮೇಯರ್ ಆಗಿದ್ದದ್ದೂ ಆ ಲ್ಯಾಂಬೆತ್‌ಗೇ. ಈ 32ರ ಲೆಕ್ಕಕ್ಕೆ ಸೇರದೆ, ನಟ್ಟನಡುವೆ ಬೇರೆಯಾಗಿ ನಿಂತಿರುವುದೇ ಸಿಟಿ ಆಫ್ ಲಂಡನ್. ಅದನ್ನು ಆಳುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್. ಇಡೀ ಮಹಾನಗರಕ್ಕೆ ಜನ ನೇರವಾಗಿ ಆರಿಸುವ ಮೇಯರ್ ಆಫ್ ಲಂಡನ್ ಎಂಬ ಹುದ್ದೆ ಬಂದದ್ದು 2000ದಲ್ಲಿ. 2016ರಿಂದ ಆ ಕುರ್ಚಿಯಲ್ಲಿರುವವರು ಸಾದಿಕ್ ಖಾನ್. ಸಿಟಿಗೆ ಬೇರೆಯೇ ಲಾರ್ಡ್ ಮೇಯರ್ ಇದ್ದಾರೆ. ಆ ಹುದ್ದೆ 800 ವರ್ಷಕ್ಕೂ ಹಳೆಯದು, ಅವಧಿ ಒಂದೇ ವರ್ಷ, ಸಂಬಳ ಇಲ್ಲ. ಪತ್ರಿಕೆಗಳು ಈ ಇಬ್ಬರನ್ನೂ ಆಗಾಗ ಕಲಸಿಬಿಡುತ್ತವೆ.

ಸಿಟಿಯ ವಿಸ್ತೀರ್ಣ ಸುಮಾರು 2.9 ಚದರ ಕಿಲೋಮೀಟರ್ ಮಾತ್ರ. ರೋಮನ್ನರ ಕೋಟೆಗೋಡೆಯ ಒಳಗಿದ್ದ ಊರು ಮತ್ತು ಅದರ ಅಂಚಿನ ಒಂದಿಷ್ಟು ಜಾಗ, ಅಷ್ಟೇ. ಅಲ್ಲಿನವರು ಅದನ್ನು ‘ಸ್ಕ್ವೇರ್ ಮೈಲ್’ ಎಂದು ಕರೆಯುತ್ತಾರೆ. ಒಂದು ಕಾಲಕ್ಕೆ ಇದು ಜನ ಗಿಜಿಗುಟ್ಟುತ್ತಿದ್ದ ಊರು. 1801ರ ಜನಗಣತಿಯಲ್ಲಿ ಇಲ್ಲಿ ಸುಮಾರು 1 ಲಕ್ಷ 28 ಸಾವಿರ ಜನ ವಾಸವಿದ್ದರು. ಆಮೇಲೆ ರೈಲು ಬಂತು. ಮನೆ ಇದ್ದ ಕಡೆ ಬ್ಯಾಂಕು, ವಿಮಾ ಕಂಪನಿ, ಗೋದಾಮು ಎದ್ದವು. 1901ರ ಹೊತ್ತಿಗೆ ನಿವಾಸಿಗಳು 27 ಸಾವಿರಕ್ಕೆ ಇಳಿದರು. 2021ರಲ್ಲಿ ಉಳಿದವರು 8,600ರಷ್ಟು. ಅವರಲ್ಲಿ ದೊಡ್ಡ ಪಾಲು, ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ನೆಲಸಮವಾದ ಜಾಗದಲ್ಲಿ ಕಾರ್ಪೊರೇಷನ್ನೇ ಕಟ್ಟಿಸಿದ ಬಾರ್ಬಿಕನ್ ವಸತಿ ಸಮುಚ್ಚಯದಲ್ಲಿದೆ. ಆದರೆ ಇಲ್ಲಿಗೆ ಕೆಲಸಕ್ಕೆ ಬರುವವರು 6 ಲಕ್ಷಕ್ಕೂ ಜಾಸ್ತಿ. ರಾತ್ರಿ ಮಲಗುವವರು ಎಂಟೂವರೆ ಸಾವಿರ, ಹಗಲು ದುಡಿಯುವವರು ಆರು ಲಕ್ಷ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಈ ಪಾಲಿಕೆಯ ಮುಕ್ಕಾಲು ಪಾಲು ವಿಚಿತ್ರಗಳು ಹುಟ್ಟಿರುವುದು ಇದರಿಂದಲೇ.

ಈಗ ವೋಟಿನ ವಿಷಯ. ಅಂಗಡಿ, ಆಫೀಸು ಇಟ್ಟುಕೊಂಡವರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಕೊಡುವ ರೂಢಿ ಬ್ರಿಟನ್‌ನಲ್ಲಿ ಮೊದಲು ಎಲ್ಲ ಕಡೆ ಇತ್ತು. 1969ರ ಕಾನೂನು ಅದನ್ನು ತೆಗೆದುಹಾಕಿತು. ಸಿಟಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆಗಲೂ ಆ ಮತ ಇದ್ದದ್ದು ಸ್ವಂತ ವ್ಯವಹಾರ ಮಾಡುವವರಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳ ಪಾಲುದಾರರಿಗೆ. ವಕೀಲರ, ಲೆಕ್ಕಪರಿಶೋಧಕರ ಸಂಸ್ಥೆಗಳಿಗೆ ಮತ ಇತ್ತು, ಸಾವಿರಾರು ಜನ ದುಡಿಯುವ ದೊಡ್ಡ ಬ್ಯಾಂಕ್‌ಗೆ ಇರಲಿಲ್ಲ. 2002ರಲ್ಲಿ ಸಂಸತ್ತು ಸಿಟಿಗೆಂದೇ ಒಂದು ವಾರ್ಡ್ ಚುನಾವಣಾ ಕಾನೂನು ಮಾಡಿ ಕಂಪನಿಗಳನ್ನೂ ಒಳಗೆ ತಂದಿತು. ಲೇಬರ್ ಪಕ್ಷದ ಜಾನ್ ಮೆಕ್‌ಡೊನೆಲ್ ಮತ್ತು ಕೆಲವು ಸಂಸದರು ಆ ಮಸೂದೆಯನ್ನು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೂ ಅದು ಪಾಸಾಯಿತು.

ಲೆಕ್ಕ ಹೀಗಿದೆ. ಹತ್ತಕ್ಕಿಂತ ಕಡಿಮೆ ನೌಕರರಿದ್ದರೆ ಒಬ್ಬ ಮತದಾರ. ಐವತ್ತರವರೆಗೆ ಪ್ರತಿ ಐದು ನೌಕರರಿಗೆ ಒಬ್ಬ. ಐವತ್ತು ದಾಟಿದ ಮೇಲೆ ಹತ್ತು ಜನರ ಜೊತೆಗೆ ಪ್ರತಿ ಐವತ್ತಕ್ಕೆ ಇನ್ನೊಬ್ಬ. ಅಂದರೆ 1,050 ಜನ ಕೆಲಸ ಮಾಡುವ ಬ್ಯಾಂಕ್ 30 ಜನರ ಹೆಸರು ಕೊಡಬಹುದು. ಐದು ಜನರ ಚಹಾ ಅಂಗಡಿಗೆ ಒಂದು ಮತ, ಸಾವಿರ ಜನರ ಬ್ಯಾಂಕ್‌ಗೆ ಮೂವತ್ತು. ತಲೆ ಲೆಕ್ಕ ಹಾಕಿದರೆ ಚಹಾ ಅಂಗಡಿಗೇ ಲಾಭ. ಸಣ್ಣವರ ದನಿ ದೊಡ್ಡವರ ಕಾಲಡಿ ಸಿಕ್ಕಿಹೋಗಬಾರದು ಎಂದು ಬೇಕಂತಲೇ ಹೀಗೆ ಮಾಡಿದ್ದಾರೆ.

ಇಲ್ಲೊಂದು ವಿಷಯ ನಿಮ್ಮ ಮಗಳಿಗೆ ಖಂಡಿತ ಹೇಳಿ. ಹೆಸರು ಕೊಡುವುದು ಕಂಪನಿ, ಆದರೆ ಮತ ಅವಳದ್ದು. ಗುಪ್ತ ಮತದಾನ. ಯಾರಿಗೆ ಹಾಕಿದೆ ಎಂದು ಮ್ಯಾನೇಜರ್‌ಗೆ ಹೇಳಬೇಕಾಗಿಲ್ಲ. ಕಾಮನ್‌ವೆಲ್ತ್ ದೇಶದವಳಾದ್ದರಿಂದ ಭಾರತದ ಪಾಸ್‌ಪೋರ್ಟ್ ಇದ್ದರೂ ಅಡ್ಡಿಯಿಲ್ಲ, ಅಲ್ಲಿರಲು ಸರಿಯಾದ ವೀಸಾ ಇದ್ದರೆ ಆಯಿತು. ತನ್ನ ಮನೆ ಇರುವ ಬರೋದಲ್ಲೂ ಅವಳು ವೋಟು ಹಾಕಬಹುದು. ಎರಡೂ ಬೇರೆ ಬೇರೆ ಸ್ಥಳೀಯ ಸಂಸ್ಥೆಗಳಾದ್ದರಿಂದ ಅದು ಕಾನೂನುಬದ್ಧವೇ. ಸುಮ್ನೆ ಬಿಡಬೇಡ, ಹೆಸರು ಕೊಡಿಸು ಅಂತ ಹೇಳಿ. ಸಿಟಿಯಲ್ಲಿ 25 ವಾರ್ಡ್‌ಗಳಿವೆ. ಪ್ರತಿ ವಾರ್ಡ್‌ಗೆ ಒಬ್ಬ ಆಲ್ಡರ್‌ಮನ್, ಅಂದರೆ ಹಿರಿಯ ಸದಸ್ಯ. ಅವರಲ್ಲದೆ ಒಟ್ಟು 100 ಕೌನ್ಸಿಲರ್‌ಗಳು ಸೇರಿ ಕಾಮನ್ ಕೌನ್ಸಿಲ್. ಬಹುಪಾಲು ಜನ ಪಕ್ಷದ ಚೀಟಿ ಇಲ್ಲದೆ ಸ್ವತಂತ್ರರಾಗಿ ನಿಲ್ಲುತ್ತಾರೆ. ನಿವಾಸಿಗಳ ಮತವೇ ಮೇಲುಗೈ ಆಗಿರುವುದು ನಾಲ್ಕು ವಾರ್ಡ್‌ಗಳಲ್ಲಿ ಮಾತ್ರ. ಹಾಗಾಗಿ ಉಳಿದ ಕಡೆ ನಿಮ್ಮ ಮಗಳಂಥವರು ಆಸಕ್ತಿ ತೋರಿಸದಿದ್ದರೆ, ಸೀಟುಗಳು ಕೈಬೆರಳೆಣಿಕೆಯ ಮತಗಳಲ್ಲಿ, ಕೆಲವೊಮ್ಮೆ ಸ್ಪರ್ಧೆಯೇ ಇಲ್ಲದೆ ತೀರ್ಮಾನವಾಗುತ್ತವೆ.

ಇದು ಸರಿಯಾ? ಆರು ಲಕ್ಷ ಜನ ದಿನವಿಡೀ ಬಳಸುವ ಬೀದಿಗಳ ಬಗ್ಗೆ ಎಂಟೂವರೆ ಸಾವಿರ ಜನ ಮಾತ್ರ ನಿರ್ಧರಿಸುವುದು ಸರಿಯಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಮತದಾರರನ್ನು ಆರಿಸುವ ಕೆಲಸ ಆಡಳಿತ ಮಂಡಳಿಯ ಕೈಯಲ್ಲಿರುವುದನ್ನು ಒಪ್ಪಲು ನನಗೆ ಆಗುವುದಿಲ್ಲ. ಅಲ್ಲಿ ಕೆಲಸ ಮಾಡುವವರು ತಾವೇ ನೇರವಾಗಿ ಹೆಸರು ಬರೆಸುವಂತಿದ್ದರೆ ಅರ್ಧ ಆಕ್ಷೇಪ ಅಲ್ಲಿಗೇ ಮುಗಿಯುತ್ತಿತ್ತು. ಆಫೀಸಿನ ನೆಲ ಒರೆಸುವ ಹೆಂಗಸೂ ಅಲ್ಲಿ ದುಡಿಯುವವಳೇ ಅಲ್ವಾ? ಎಲ್ಲ ಬಗೆಯ ನೌಕರರಿಗೂ ಅವಕಾಶ ಕೊಡಿ ಎಂದು ಕಾರ್ಪೊರೇಷನ್ ಕಂಪನಿಗಳಿಗೆ ಹೇಳುತ್ತದೆ. ಹೇಳುವುದು ಬೇರೆ, ಹಕ್ಕಾಗಿ ಕೊಡುವುದು ಬೇರೆ.

ಬ್ಯಾಂಕ್‌ಗಳನ್ನು ಅದೇ ನೋಡಿಕೊಳ್ಳುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಇದನ್ನು ಒತ್ತಿ ಹೇಳಬೇಕು. ಬ್ಯಾಂಕ್‌ಗೆ ಲೈಸೆನ್ಸ್ ಕೊಡುವುದು, ಬಂಡವಾಳ ಸಾಕಷ್ಟಿದೆಯೇ ಎಂದು ನೋಡುವುದು, ಬಡ್ಡಿ ದರ ನಿಗದಿ ಮಾಡುವುದು, ಗ್ರಾಹಕರಿಗೆ ಮೋಸ ಮಾಡಿದರೆ ದಂಡ ಹಾಕುವುದು, ಇವು ಯಾವುದೂ ಕಾರ್ಪೊರೇಷನ್ ಕೆಲಸವಲ್ಲ. ಮೊದಲ ಮೂರು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಅದರ ಒಳಗಿನ ಪ್ರುಡೆನ್ಷಿಯಲ್ ರೆಗ್ಯುಲೇಷನ್ ಅಥಾರಿಟಿಗೆ ಸೇರಿದ್ದು. ಕೊನೆಯದು ಮುಖ್ಯವಾಗಿ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯದು. ಅದರ ಕಚೇರಿ ಸಿಟಿಯೊಳಗೂ ಇಲ್ಲ, ಪೂರ್ವ ಲಂಡನ್‌ನ ಸ್ಟ್ರ್ಯಾಟ್‌ಫರ್ಡ್‌ನಲ್ಲಿದೆ. 2008ರ ಕುಸಿತಕ್ಕೆ ‘ಸಿಟಿ’ ಕಾರಣ ಎಂದು ಬರೆಯುವಾಗ ಬ್ಯಾಂಕ್‌ಗಳನ್ನು ಹೇಳುತ್ತಿದ್ದಾರೋ ಪಾಲಿಕೆಯನ್ನು ಹೇಳುತ್ತಿದ್ದಾರೋ ನೋಡಿಕೊಳ್ಳಿ. ಎರಡಕ್ಕೂ ಒಂದೇ ಹೆಸರು ಇರುವುದು ಓದುಗರಿಗೆ ದೊಡ್ಡ ಉಪದ್ರವ.

ಹಾಗಾದರೆ ಹಣಕಾಸಿನ ಪೇಟೆಯಲ್ಲಿ ಈ ಪಾಲಿಕೆಗೆ ಏನು ಕೆಲಸ? ಹಣ ಕೂತಿರುವ ನೆಲ ಅದರ ಕೈಯಲ್ಲಿದೆ. ರಸ್ತೆ, ಕಸ, ಬೀದಿದೀಪ ಎಲ್ಲ ಪಾಲಿಕೆಗಳೂ ಮಾಡುವಂಥದ್ದೇ. ಆದರೆ ಕಟ್ಟಡದ ನಕ್ಷೆ ಮಂಜೂರು ಮಾಡುವ ಅಧಿಕಾರ ಇಲ್ಲಿ ಬೇರೆಯೇ ತೂಕದ್ದು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 1980ರ ದಶಕದ ಆರಂಭದಲ್ಲಿ ಕಾರ್ಪೊರೇಷನ್ ಹಳೆ ಕಟ್ಟಡಗಳನ್ನು ಉಳಿಸುವ ಕಡೆ ವಾಲಿತ್ತು. 1984ರ ಕರಡು ಯೋಜನೆಯಲ್ಲಿ ಹೊಸ ಕಟ್ಟಡಗಳಿಗೆ ಬಿಗಿ ಕಟ್ಟು ಇತ್ತು. ಅದೇ ಹೊತ್ತಿಗೆ, 1986ರ ಅಕ್ಟೋಬರ್ 27ರಂದು ‘ಬಿಗ್ ಬ್ಯಾಂಗ್’ ಆಯಿತು. ಲಂಡನ್ ಷೇರುಪೇಟೆಯ ಹಳೆ ಕಟ್ಟುಪಾಡುಗಳು ಒಂದೇ ದಿನ ಕಳಚಿಬಿದ್ದವು. ಅಮೆರಿಕದ, ಜಪಾನಿನ ಬ್ಯಾಂಕ್‌ಗಳಿಗೆ ಕಂಬವಿಲ್ಲದ ದೊಡ್ಡ ದೊಡ್ಡ ಹಾಲ್‌ಗಳು ಬೇಕಾದವು. ನೂರಾರು ಜನ ಸ್ಕ್ರೀನ್ ಮುಂದೆ ಕೂತು ವ್ಯವಹಾರ ಮಾಡುವ ಜಾಗ ಅದು. ಸಿಟಿಯ ಹಳೆ ಓಣಿಗಳಲ್ಲಿ ಅಷ್ಟು ಅಗಲದ ಜಾಗ ಎಲ್ಲಿಂದ ಬರಬೇಕು? ಆಗಲೇ ಮೂರ್ನಾಲ್ಕು ಕಿಲೋಮೀಟರ್ ಪೂರ್ವಕ್ಕೆ, ಹಾಳುಬಿದ್ದ ಹಡಗುಕಟ್ಟೆಗಳಲ್ಲಿ ಕ್ಯಾನರಿ ವಾರ್ಫ್ ಯೋಜನೆ ತಲೆ ಎತ್ತಿತು. ಅದು ಟವರ್ ಹ್ಯಾಮ್ಲೆಟ್ಸ್ ಬರೋದ ನೆಲ. 1981ರಲ್ಲಿ ಸರ್ಕಾರ ಹುಟ್ಟುಹಾಕಿದ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮದ ಕೈಯಲ್ಲಿತ್ತು. ಸಿಟಿಯ ಹಿರಿಯರಿಗೆ ದಿಗಿಲಾಯಿತು. ಬ್ಯಾಂಕ್‌ಗಳು ಎದ್ದು ಹೋದರೆ ಊರಲ್ಲಿ ಏನು ಉಳಿಯುತ್ತದೆ? ಎರಡೇ ವರ್ಷದಲ್ಲಿ ಯೋಜನೆ ತಿದ್ದಿ, ಜಾಸ್ತಿ ಕಟ್ಟಲು ಅವಕಾಶ ಕೊಟ್ಟರು. ಆದರೂ 1991ರಲ್ಲಿ ಕ್ಯಾನರಿ ವಾರ್ಫ್‌ನಲ್ಲಿ 235 ಮೀಟರ್ ಎತ್ತರದ ಗೋಪುರ ಎದ್ದಿತು, ಹಲವು ದೊಡ್ಡ ಬ್ಯಾಂಕ್‌ಗಳು ಹೋದವು. ಸಿಟಿಯಲ್ಲಿ ಇವತ್ತು ಕಾಣುವ ಗಗನಚುಂಬಿಗಳ ಗುಂಪಿನ ಹಿಂದೆ ಆ ಪೈಪೋಟಿಯ ನೆನಪು ಇದೆ.

ಹಾಗಂತ ಎಲ್ಲಿ ಬೇಕಾದರೂ ಎಷ್ಟು ಬೇಕಾದರೂ ಕಟ್ಟಲು ಬಿಟ್ಟಿಲ್ಲ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗುಮ್ಮಟ ಕಾಣುವಂತೆ ಸುತ್ತಲ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕುವ ನಿಯಮವನ್ನು ಕಾರ್ಪೊರೇಷನ್ 1930ರ ದಶಕದಿಂದ ಪಾಲಿಸಿಕೊಂಡು ಬಂದಿದೆ. ಲೆಡನ್‌ಹಾಲ್ ಬೀದಿಯಲ್ಲಿ 225 ಮೀಟರ್ ಎತ್ತರದ ಒಂದು ಕಟ್ಟಡವಿದೆ. ಜನ ಅದನ್ನು ‘ಚೀಸ್‌ಗ್ರೇಟರ್’ ಎನ್ನುತ್ತಾರೆ. ಅದರ ಒಂದು ಮುಖ ಬುಡದಿಂದ ತುದಿಯವರೆಗೆ ಹಿಂದಕ್ಕೆ ವಾಲಿಕೊಂಡಿದೆ. ಫ್ಲೀಟ್ ಬೀದಿಯಲ್ಲಿ ನಿಂತು ನೋಡುವವರಿಗೆ ಗುಮ್ಮಟದ ಪಕ್ಕ ಆಕಾಶ ಬಿಟ್ಟುಕೊಡಲಿ ಎಂದು ಹಾಗೆ ಕಟ್ಟಿದ್ದಾರೆ. ಮೇಲಿನ ಒಂದೊಂದು ಮಹಡಿಯಲ್ಲೂ ಬಾಡಿಗೆಗೆ ಸಿಗುವ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಲಾಭ ಬಿಟ್ಟುಕೊಟ್ಟು ಒಂದು ನೋಟವನ್ನು ಉಳಿಸಿದ ಕಟ್ಟಡ ಅದು. ನನಗೆ ಅದು ತುಂಬ ಇಷ್ಟ.

ಅದೇ ಲೆಡನ್‌ಹಾಲ್ ಬೀದಿಯಲ್ಲಿ ಈಗ ಲಾಯ್ಡ್ಸ್ ವಿಮಾ ಪೇಟೆಯ ಕಟ್ಟಡ ಇರುವ ಕಡೆ ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇತ್ತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಹುಲಿ, ಯುರೋಪಿಯನ್ ಸಿಪಾಯಿಯ ಮೇಲೆ ಎರಗಿದ ಆ ಮರದ ಯಂತ್ರ, ಪ್ರದರ್ಶನಕ್ಕಿದ್ದದ್ದು ಆ ಕಚೇರಿಯಲ್ಲೇ. ಈಗ ಅದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಿಮ್ಮ ಮಗಳು ಮಧ್ಯಾಹ್ನ ಊಟಕ್ಕೆ ಹೊರಬಿದ್ದಾಗ ಆ ದಾರಿಯಲ್ಲಿ ಒಮ್ಮೆ ಹಾದುಹೋಗಲಿ. ನಮ್ಮ ಕಡೆಯ ಸಂಪತ್ತಿನ ಲೆಕ್ಕಪುಸ್ತಕಗಳು ಇದ್ದದ್ದು ಆ ಜಾಗದಲ್ಲಿ.

ಪೊಲೀಸ್ ಕೂಡ ಈ ಪಾಲಿಕೆಯದೇ. ಮಹಾನಗರಕ್ಕೆಲ್ಲ ಮೆಟ್ರೊಪಾಲಿಟನ್ ಪೊಲೀಸ್ ಇದ್ದರೂ ಸಿಟಿಗೆ 1839ರಿಂದ ತನ್ನದೇ ಪಡೆ ಇದೆ. ಇಷ್ಟು ಸಣ್ಣ ಜಾಗಕ್ಕೆ ಯಾಕೆ ಬೇಕು ಎಂದು ಬಹಳ ಜನ ಕೇಳುತ್ತಾರೆ. ವಂಚನೆ ಪ್ರಕರಣಗಳಲ್ಲಿ ಇಡೀ ಬ್ರಿಟನ್‌ಗೆ ಮುಂದಾಳು ಪಡೆ ಇದೇ. ಆನ್‌ಲೈನ್‌ನಲ್ಲಿ ಯಾರೋ ಯಾಮಾರಿಸಿ ದುಡ್ಡು ಹೊಡೆದರೆ ಆ ದೂರುಗಳು ಬಂದು ಸೇರುವ ರಾಷ್ಟ್ರೀಯ ವ್ಯವಸ್ಥೆಯನ್ನು ನಡೆಸುವವರು ಇವರು. ಇನ್ನೊಂದು ಕಾರಣ, ಉತ್ತರ ಐರ್ಲೆಂಡನ್ನು ಬ್ರಿಟನ್‌ನಿಂದ ಬಿಡಿಸಲು ಹೋರಾಡುತ್ತಿದ್ದ ಐಆರ್‌ಎ ಎಂಬ ಸಶಸ್ತ್ರ ಗುಂಪಿನ ಬಾಂಬುಗಳು. 1992ರ ಏಪ್ರಿಲ್‌ನಲ್ಲಿ ಹಡಗು ಸಾಗಣೆಯ ವ್ಯವಹಾರ ನಡೆಯುತ್ತಿದ್ದ ಬಾಲ್ಟಿಕ್ ಎಕ್ಸ್‌ಚೇಂಜ್ ಬಳಿ ಸ್ಫೋಟವಾಗಿ ಮೂವರು ಸತ್ತರು. ಮರುವರ್ಷ ಏಪ್ರಿಲ್‌ನಲ್ಲೇ ಬಿಷಪ್ಸ್‌ಗೇಟ್‌ನಲ್ಲಿ ಟ್ರಕ್ ಬಾಂಬ್. ಶನಿವಾರವಾದ್ದರಿಂದ ಆಫೀಸುಗಳು ಖಾಲಿ ಇದ್ದವು, ಆದರೂ ಒಬ್ಬ ಛಾಯಾಗ್ರಾಹಕ ಪ್ರಾಣ ಕಳೆದುಕೊಂಡರು. ಅದಾದ ಕೆಲವೇ ತಿಂಗಳಲ್ಲಿ ಸಿಟಿಯ ಒಳಗೆ ಬರುವ ದಾರಿಗಳನ್ನು ಕೆಲವಕ್ಕೇ ಇಳಿಸಿ, ಪ್ರತಿಯೊಂದರಲ್ಲೂ ತಪಾಸಣೆ, ಕ್ಯಾಮೆರಾ ಇಟ್ಟರು. ಅದಕ್ಕೆ ‘ರಿಂಗ್ ಆಫ್ ಸ್ಟೀಲ್’ ಎಂಬ ಹೆಸರು ಬಿತ್ತು. ರಸ್ತೆಯೂ ಪೊಲೀಸೂ ಒಂದೇ ಸಂಸ್ಥೆಯ ಕೈಯಲ್ಲಿ ಇದ್ದದ್ದರಿಂದ ಅದು ಅಷ್ಟು ಬೇಗ ಸಾಧ್ಯವಾಯಿತು. ಬಾಲ್ಟಿಕ್ ಎಕ್ಸ್‌ಚೇಂಜ್ ಇದ್ದ ಜಾಗದಲ್ಲಿ ಈಗ ಸೌತೆಕಾಯಿ ಆಕಾರದ ‘ಗರ್ಕಿನ್’ ಗೋಪುರ ಇದೆ.

ಈಗ ನನಗೆ ಹೆಚ್ಚು ಚಿಂತೆ ಹುಟ್ಟಿಸುವ ಭಾಗ. ಈ ಪಾಲಿಕೆ ಹಣಕಾಸು ಉದ್ಯಮದ ವಕೀಲನೂ ಹೌದು. ಲಾರ್ಡ್ ಮೇಯರ್ ತಮ್ಮ ಒಂದು ವರ್ಷದಲ್ಲಿ ದೇಶ ದೇಶ ಸುತ್ತಿ ಬ್ರಿಟನ್‌ನ ಬ್ಯಾಂಕು, ವಿಮೆ, ಕಾನೂನು ಸೇವೆಗಳ ಪರವಾಗಿ ಮಾತನಾಡುತ್ತಾರೆ. ಬ್ರಸೆಲ್ಸ್‌ನಲ್ಲಿ, ನಮ್ಮ ಮುಂಬೈಯಲ್ಲಿ ಕಾರ್ಪೊರೇಷನ್ ತನ್ನ ಕಚೇರಿ ತೆರೆದದ್ದೂ ಈ ಕೆಲಸಕ್ಕೇ. ಲಾರ್ಡ್ ಮೇಯರ್ ಅವರ ಅಧಿಕೃತ ನಿವಾಸ ಮ್ಯಾನ್ಷನ್ ಹೌಸ್‌ನಲ್ಲಿ ಬ್ರಿಟನ್‌ನ ಹಣಕಾಸು ಸಚಿವರು ಬಂದು ಪ್ರತಿವರ್ಷ ಬ್ಯಾಂಕರ್‌ಗಳ ಮುಂದೆ ಭಾಷಣ ಮಾಡುವ ಸಂಪ್ರದಾಯ ಇದೆ. 1571ರಿಂದ ‘ರಿಮೆಂಬ್ರೆನ್ಸರ್’ ಎಂಬ ಒಬ್ಬ ಅಧಿಕಾರಿಯೂ ಇದ್ದಾರೆ. ಸಂಸತ್ತಿಗೆ ಬರುವ ಮಸೂದೆಗಳನ್ನು ಓದಿ, ಸಿಟಿಗೆ ಯಾವುದರಿಂದ ಏನು ಆಗುತ್ತದೆ ಎಂದು ನೋಡಿ, ಬೇಕಾದ ಕಡೆ ಅರಿಕೆ ಮಾಡುವುದು ಅವರ ಕೆಲಸ. ಬೇರೆ ಯಾವ ಪಾಲಿಕೆಗೂ ಇಂಥ ಹುದ್ದೆ ಇಲ್ಲ.

ಒಂದು ಉದ್ಯಮ ತನ್ನ ಪರವಾಗಿ ಸರ್ಕಾರದ ಮುಂದೆ ವಾದ ಮಾಡಿದರೆ ತಪ್ಪೇನಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಉದ್ಯಮ ಸಂಘಕ್ಕೆ ಪೊಲೀಸ್ ಪಡೆ ಇರುವುದಿಲ್ಲ, ತೆರಿಗೆ ವಸೂಲಿ ಇರುವುದಿಲ್ಲ, ಚುನಾಯಿತ ಸಂಸ್ಥೆ ಎಂಬ ಗೌರವ ಇರುವುದಿಲ್ಲ. ವಂಚನೆ ತನಿಖೆ ಮಾಡುವ ಪೊಲೀಸರ ಮೇಲ್ವಿಚಾರಣೆ ಮಾಡುವವರೇ ಹಣಕಾಸು ಉದ್ಯಮದ ರಾಯಭಾರಿಗಳೂ ಆಗಿರುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಪ್ರಚಾರದ ಕೆಲಸವನ್ನು ಬೇರೆ ಸಂಸ್ಥೆಗೆ ಬಿಟ್ಟು, ಕಾರ್ಪೊರೇಷನ್ ಊರಿನ ಆಡಳಿತ ನೋಡಿಕೊಂಡರೆ ಸಾಕು ಎಂಬುದು ನನ್ನ ಖಚಿತ ನಿಲುವು.

ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ ಎಂಬ ಪ್ರಶ್ನೆಗೆ ಚರಿತ್ರೆಗೆ ಹೋಗಬೇಕು. ಇದನ್ನು ಇಂಥ ದಿನ ಸ್ಥಾಪಿಸಿದರು ಎಂಬ ದಾಖಲೆಯೇ ಇಲ್ಲ. ಇಂಗ್ಲೆಂಡ್ ಗೆದ್ದ ವಿಲಿಯಂ 1067ರಲ್ಲಿ ಲಂಡನ್ ಜನರಿಗೆ ಒಂದು ಸಣ್ಣ ಸನ್ನದು ಕೊಟ್ಟ. ಅದರಲ್ಲಿ ಅವನು ಹೊಸ ಹಕ್ಕು ಕೊಡಲಿಲ್ಲ, ಮೊದಲಿಂದ ಇದ್ದದ್ದು ಇರಲಿ ಎಂದ. 1215ರ ಮ್ಯಾಗ್ನ ಕಾರ್ಟದಲ್ಲೂ ಸಿಟಿಯ ಹಳೆ ಸ್ವಾತಂತ್ರ್ಯಗಳು ಮುಂದುವರಿಯಲಿ ಎಂಬ ಮಾತಿದೆ. ರಾಜರಿಗೆ ಯುದ್ಧಕ್ಕೆ ದುಡ್ಡು ಬೇಕು, ದುಡ್ಡು ಇರುವುದು ಈ ವರ್ತಕರ ಬಳಿ. ಸಾಲ ಕೊಟ್ಟಾಗಲೆಲ್ಲ ಅವರು ಒಂದೊಂದು ಹಕ್ಕು ಗಟ್ಟಿ ಮಾಡಿಕೊಂಡರು.

ಎಲ್ಲ ಕಾಲಕ್ಕೂ ಚೆನ್ನಾಗಿ ನಡೆಯಿತು ಎಂದೇನಿಲ್ಲ. 1683ರಲ್ಲಿ ಎರಡನೇ ಚಾರ್ಲ್ಸ್ ಕೋರ್ಟಿನ ಮೂಲಕ ಸಿಟಿಯ ಸನ್ನದನ್ನೇ ಕಿತ್ತುಕೊಂಡ. ಅದೇ ಹೊತ್ತಿಗೆ ಕಾರ್ಪೊರೇಷನ್ ದಿವಾಳಿಯೂ ಆಯಿತು. ತೀರಿಹೋದ ಸಿಟಿ ನಾಗರಿಕರ ಮಕ್ಕಳ ಆಸ್ತಿಯನ್ನು ಅವರು ದೊಡ್ಡವರಾಗುವ ತನಕ ಕಾಯುವ ಹೊಣೆ ಅದರದ್ದಾಗಿತ್ತು. ಆ ಅನಾಥ ಮಕ್ಕಳ ಹಣವನ್ನೇ ಖರ್ಚಿಗೆ ಬಳಸಿಕೊಂಡು ವಾಪಸು ಕೊಡಲಾಗದೆ ನಿಂತಿತು. ಸನ್ನದು 1690ರಲ್ಲಿ ಸಂಸತ್ತಿನ ಕಾನೂನಿನಿಂದ ಮರಳಿ ಬಂತು. ಮಕ್ಕಳ ಸಾಲ ತೀರಿಸುವ ಏರ್ಪಾಡಿಗೆ 1694ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದೂ ಅದೇ ವರ್ಷ. ಸಿಟಿಯ ಹಣಕಾಸಿನ ಖ್ಯಾತಿ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

1835ರಲ್ಲಿ ಸಂಸತ್ತು 178 ಹಳೆ ಪಟ್ಟಣಗಳ ಆಡಳಿತವನ್ನು ಒಂದೇ ಏಟಿಗೆ ಸುಧಾರಿಸಿತು. ಸಿಟಿಯನ್ನು ಮುಟ್ಟಲಿಲ್ಲ. 1880ರ ದಶಕದಲ್ಲಿ ಮತ್ತೆ ಪ್ರಯತ್ನ ಆಯಿತು. ಸುಧಾರಣೆಗೆ ಜನರ ವಿರೋಧ ಇದೆ ಎಂದು ತೋರಿಸಲು ಕಾರ್ಪೊರೇಷನ್ ತನ್ನ ಬೊಕ್ಕಸದಿಂದ ದುಡ್ಡು ಸುರಿಯಿತು. 1887ರಲ್ಲಿ ಸಂಸತ್ತಿನ ಸಮಿತಿಯೊಂದು ಇದರ ಬಗ್ಗೆ ವಿಚಾರಣೆ ನಡೆಸಿತು. ಲೇಬರ್ ಪಕ್ಷ ಇದನ್ನು ರದ್ದು ಮಾಡುತ್ತೇವೆ ಎಂದು ದಶಕಗಳ ಕಾಲ ಹೇಳುತ್ತಾ ಬಂದು, ಟೋನಿ ಬ್ಲೇರ್ ಕಾಲಕ್ಕೆ ಆ ಮಾತು ಬಿಟ್ಟಿತು. ಹೀಗೆ ಉಳಿದುಕೊಂಡ ಸಂಸ್ಥೆ ಇದು: ಅರ್ಧ ತನ್ನ ಶಕ್ತಿಯಿಂದ, ಅರ್ಧ ಇತರರು ಬೇಸತ್ತು ಕೈಬಿಟ್ಟಿದ್ದರಿಂದ.

ವಿಡಿಯೊದಲ್ಲಿ ನೀವು ನೋಡಿದ ರಾಜನ ಕತೆ ಹುಟ್ಟಿದ್ದು ಒಂದು ಮೆರವಣಿಗೆ ಪದ್ಧತಿಯಿಂದ. ರಾಜ ಅಥವಾ ರಾಣಿ ಅಧಿಕೃತವಾಗಿ ಬಂದಾಗ ಟೆಂಪಲ್ ಬಾರ್ ಎಂಬ ಗಡಿಯಲ್ಲಿ ಲಾರ್ಡ್ ಮೇಯರ್ ಮುತ್ತು ಕೂರಿಸಿದ ಒರೆಯ ಖಡ್ಗವನ್ನು ಮುಂದೊಡ್ಡುತ್ತಾರೆ. ರಾಜ ಅದನ್ನು ಮುಟ್ಟಿ ವಾಪಸು ಕೊಡುತ್ತಾರೆ. ಅದು ರಾಜನಿಗೆ ತೋರಿಸುವ ನಿಷ್ಠೆ, ಗೌರವ. ಲೈಸೆನ್ಸ್ ಕೇಳುವುದಲ್ಲ. ಸಂಸತ್ತೇ ವಿನಾಯಿತಿ ಕೊಟ್ಟ ಕೆಲವು ವಿಷಯ ಬಿಟ್ಟರೆ, ಸಂಸತ್ತಿನ ಕಾನೂನುಗಳೂ ದೇಶದ ತೆರಿಗೆಗಳೂ ಸಿಟಿಯೊಳಗೆ ಹಾಗೇ ಅನ್ವಯಿಸುತ್ತವೆ. ಅದೊಂದು ಸ್ವತಂತ್ರ ದೇಶ ಎಂಬುದು ಶುದ್ಧ ಸುಳ್ಳು.

ನಾನು ಈ ಸಂಸ್ಥೆಯನ್ನು ರದ್ದು ಮಾಡಿ ಎನ್ನುವವರ ಜೊತೆ ಸೇರುವುದಿಲ್ಲ. ಯಾಕೆ ಎಂದು ಹೇಳುತ್ತೇನೆ. ಮಧ್ಯಯುಗದಲ್ಲಿ ಲಂಡನ್ ಸೇತುವೆಯ ಮೇಲಿನ ಅಂಗಡಿಗಳ ಬಾಡಿಗೆ, ಸುಂಕ, ಭಕ್ತರು ಬಿಟ್ಟುಹೋದ ಜಮೀನು, ಎಲ್ಲ ಸೇರಿ ಒಂದು ನಿಧಿ ಆಯಿತು. 1282ರ ಸನ್ನದಿನ ಕಾಲದಿಂದ ಅದು ನಡೆದು ಬಂದಿದೆ. ಇವತ್ತಿಗೂ ಥೇಮ್ಸ್ ಮೇಲಿನ ಐದು ಸೇತುವೆಗಳನ್ನು, ಟವರ್ ಬ್ರಿಜ್ ಸೇರಿ, ತೆರಿಗೆದಾರರ ಒಂದು ಪೈಸೆ ಮುಟ್ಟದೆ ನಿಭಾಯಿಸುವುದು ಆ ನಿಧಿ. 1894ರಲ್ಲಿ ಟವರ್ ಬ್ರಿಜ್ ಕಟ್ಟಿದ್ದೂ ಅದರ ಹಣದಲ್ಲೇ. ಸೇತುವೆಯ ಖರ್ಚು ಕಳೆದು ಮಿಕ್ಕಿದ್ದನ್ನು 1995ರಿಂದ ಇಡೀ ಲಂಡನ್‌ನ ಬಡವರ, ಅಂಗವಿಕಲರ, ವೃದ್ಧರ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೆ ಹಂಚುತ್ತಿದ್ದಾರೆ. ಏಳು ಶತಮಾನ ದುಡ್ಡು ನುಂಗದೆ ಒಂದು ನಿಧಿಯನ್ನು ಕಾಪಾಡಿದ್ದಾರೆ ಎಂದರೆ ಸಣ್ಣ ಮಾತಲ್ಲ.

ಎಪಿಂಗ್ ಕಾಡಿನ ಕತೆ ಇನ್ನೂ ಚೆಂದ. ಲಂಡನ್‌ನ ಈಶಾನ್ಯ ಅಂಚಿನ ಈ ಕಾಡಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಜಮೀನುದಾರರು ಬೇಲಿ ಹಾಕತೊಡಗಿದರು. ಸೌದೆ ಕಡಿಯುವ, ದನ ಮೇಯಿಸುವ ಹಕ್ಕಿದ್ದ ಬಡವರು ಹೊರಬಿದ್ದರು. ಕೋರ್ಟಿಗೆ ಹೋಗಲು ದುಡ್ಡು ಯಾರಿಗಿದೆ? ಕಾರ್ಪೊರೇಷನ್ ತನ್ನ ಸ್ಮಶಾನಕ್ಕೆಂದು ಆ ಕಡೆ ಜಮೀನು ಕೊಂಡಿತ್ತು. ಆ ಜಮೀನಿನ ಜೊತೆಗೆ ಕಾಡಿನಲ್ಲಿ ದನ ಮೇಯಿಸುವ ಹಕ್ಕೂ ಅದಕ್ಕೆ ಬಂದಿತ್ತು. ಅದನ್ನೇ ಆಧಾರ ಮಾಡಿಕೊಂಡು 1871ರಲ್ಲಿ ದಾವೆ ಹೂಡಿತು. 1874ರಲ್ಲಿ ಗೆದ್ದಿತು. 1878ರ ಕಾನೂನಿನಿಂದ ಕಾಡು ಎಂದೆಂದಿಗೂ ಬೇಲಿಯಿಲ್ಲದೆ ಎಲ್ಲರಿಗೂ ತೆರೆದಿರಬೇಕು, ಕಾರ್ಪೊರೇಷನ್ ಅದನ್ನು ಕಾಯಬೇಕು ಎಂದಾಯಿತು. ಸಿಟಿಯ ಗಡಿಯಿಂದ ಹೊರಗೆ, ಸಿಟಿಗಿಂತ ಎಷ್ಟೋ ಪಟ್ಟು ದೊಡ್ಡ ಕಾಡನ್ನು ಬ್ಯಾಂಕ್‌ಗಳ ಊರಿನ ಪಾಲಿಕೆ ಇವತ್ತೂ ನೋಡಿಕೊಳ್ಳುತ್ತಿದೆ. ಹ್ಯಾಂಪ್‌ಸ್ಟೆಡ್ ಹೀತ್ ಕೂಡ 1989ರಿಂದ ಅದರದೇ ಹೊಣೆ. ನಿಮ್ಮ ಮಗಳು ರಜೆಯ ದಿನ ಎಪಿಂಗ್‌ಗೆ ಹೋಗಲಿ, ಟ್ಯೂಬ್ ರೈಲಿನಲ್ಲೇ ಹೋಗಬಹುದು.

ಆದರೆ ಇದೇ ಸಂಸ್ಥೆಗೆ ಇನ್ನೊಂದು ಥೈಲಿ ಇತ್ತು, ‘ಸಿಟೀಸ್ ಕ್ಯಾಶ್’ ಎಂದು. ಶತಮಾನಗಳ ಬಾಡಿಗೆ, ಆಸ್ತಿ ಸೇರಿ ಬೆಳೆದ ಖಾಸಗಿ ನಿಧಿ. ಅದರ ಪೂರ್ತಿ ಲೆಕ್ಕ ಹೊರಗೆ ಬರುತ್ತಿರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಬ್ಯಾಂಕ್‌ಗಳ ಮತ್ತು ಆರ್ಥಿಕ ಅಸಮಾನತೆಯ ವಿರುದ್ಧ ಎದ್ದ ‘ಆಕ್ಯುಪೈ’ ಚಳವಳಿಯ ಯುವಕರು ಸೇಂಟ್ ಪಾಲ್ಸ್ ಎದುರು ಡೇರೆ ಹಾಕಿ ಕೂತರು. ಈ ಲೆಕ್ಕ ಬಿಚ್ಚಿಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಕಾರ್ಪೊರೇಷನ್ ಕೋರ್ಟಿಗೆ ಹೋಗಿ 2012ರ ಫೆಬ್ರುವರಿ ಕೊನೆಗೆ ಅವರನ್ನು ಎಬ್ಬಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೆಕ್ಕ ಹೊರಬಂತು: 130 ಕೋಟಿ ಪೌಂಡ್‌ಗೂ ಮೇಲಿನ ಆಸ್ತಿ. ಡೇರೆ ಕಿತ್ತರೂ ಪ್ರಶ್ನೆ ಗೆದ್ದಿತು. ಅಲ್ಲಿಂದ ಇಲ್ಲಿಗೆ ಆ ಲೆಕ್ಕ ಪ್ರಕಟವಾಗುತ್ತಿದೆ, ಯಾರು ಬೇಕಾದರೂ ಓದಬಹುದು.

ಸದ್ಯ ಸಿಟಿಯನ್ನು ಕಾಡುತ್ತಿರುವುದು ಅದರ ಹಳೆ ಸಂತೆಗಳು. ಸ್ಮಿತ್‌ಫೀಲ್ಡ್‌ನಲ್ಲಿ 800 ವರ್ಷಕ್ಕೂ ಮೇಲಿನಿಂದ ದನ, ಮಾಂಸದ ವ್ಯಾಪಾರ ಇದೆ. ಬಿಲಿಂಗ್ಸ್‌ಗೇಟ್ ಮೀನಿನ ಪೇಟೆ. ಎರಡನ್ನೂ ಡ್ಯಾಗೆನ್‌ಹ್ಯಾಮ್‌ಗೆ ಸಾಗಿಸಿ ಹೊಸ ಪೇಟೆ ಕಟ್ಟುವ ಯೋಜನೆ ಇತ್ತು. ಖರ್ಚು ಏರಿತು ಎಂದು 2024ರ ನವೆಂಬರ್‌ನಲ್ಲಿ ಕಾಮನ್ ಕೌನ್ಸಿಲ್ ಅದನ್ನು ಕೈಬಿಟ್ಟಿತು. ಪೇಟೆ ನಡೆಸುವ ಹೊಣೆಯಿಂದಲೇ ಹೊರಬರಲು ನಿರ್ಧರಿಸಿ, ಕಾನೂನಿನ ಕಟ್ಟು ಬಿಡಿಸಲು ಸಂಸತ್ತಿಗೆ ಮಸೂದೆ ಒಯ್ದಿತು. ವ್ಯಾಪಾರಿಗಳಿಗೆ ಪರಿಹಾರ ಕೊಟ್ಟು, ಕನಿಷ್ಠ 2028ರವರೆಗೆ ಇರಲು ಬಿಡುವುದಾಗಿ ಹೇಳಿದೆ. ಸ್ಮಿತ್‌ಫೀಲ್ಡ್‌ನ ಒಂದು ಭಾಗಕ್ಕೆ ಲಂಡನ್ ಮ್ಯೂಸಿಯಂ ಬರುತ್ತಿದೆ. ನಡುರಾತ್ರಿ ಮಾಂಸದ ಲಾರಿ ಇಳಿಸುವವರಿಗೆ ಗಾಜಿನ ಗೋಪುರಗಳ ಊರಲ್ಲಿ ಜಾಗ ಇದೆಯೇ ಎಂಬುದನ್ನು ಆ ಕೌನ್ಸಿಲ್ ತೀರ್ಮಾನಿಸುತ್ತದೆ, ಆ ಕೌನ್ಸಿಲ್ ಅನ್ನು ಆರಿಸುವವರಲ್ಲಿ ಕಂಪನಿ, ಆಫೀಸುಗಳ ಕಡೆಯ ಮತದಾರರೇ ಜಾಸ್ತಿ. ಡ್ಯಾಗೆನ್‌ಹ್ಯಾಮ್ ಯೋಜನೆ ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ತಪ್ಪು ನಿರ್ಧಾರ. ಸೇತುವೆಗೆ ತೋರಿಸಿದ ತಾಳ್ಮೆಯನ್ನು ಸಂತೆಗೂ ತೋರಿಸಬೇಕಿತ್ತು. ನಿಮ್ಮ ಮಗಳ ವಾರ್ಡಿನ ಅಭ್ಯರ್ಥಿಗಳು ಮುಂದಿನ ಸಲ ಆಫೀಸಿಗೆ ಬಂದಾಗ ಈ ವಿಷಯದಲ್ಲಿ ಹೇಗೆ ಕೈ ಎತ್ತಿದರು ಎಂದು ಅವಳು ಕೇಳಬಹುದು.